ಕೋಳಿಗೂಡಿನಲ್ಲೊಂದು ದೀಪ

ಕೋಳಿಗೂಡಿಗೆ ದೀಪ ಹಚ್ಚಿದ ಚರಿತ್ರೆ ಬರೀತೀನಿ ಅಂದ್ರೆ ನಗ್ತೀರೇನೋ. ನಗಿ, ಬೇಜಾರಿಲ್ಲ. ರಾಜರು, ಯುದ್ಧಗಳು, ಶಾಸನಗಳ ಬಗ್ಗೆ ಬರೆಯೋಕೆ ಬೇಕಾದಷ್ಟು ಜನ ಇದಾರೆ; ಕೋಳಿಗೆ ನೀರಿಟ್ಟ ಡಬ್ಬದ ಬಗ್ಗೆ ಬರೆಯೋರು ಕಮ್ಮಿ. ಆದರೆ ಇಲ್ಲಿನ ಅಂಗಡಿಗಳಲ್ಲಿ ಡಿಸೆಂಬರಿನ ಹಿಮದಲ್ಲೂ ಮೊಟ್ಟೆ ಸಿಗತ್ತಲ್ಲ, ಅದಕ್ಕೆ ಕಾರಣ ಹುಡುಕ್ತಾ ಹಿಂದೆ ಹಿಂದೆ ಹೋದ್ರೆ ಕೊನೆಗೆ ಸಿಗೋದು ಯಾರದೋ ಹಿತ್ತಲಿನ ಒಂದು ಲಾಟೀನು, ಒಂದು ಗಾಜಿನ ಭರಣಿ, ಹಲಗೆ ಹೊಡೆದು ಮಾಡಿದ ಒಂದು ತೊಟ್ಟಿ.

ನಾನಿರೋ ಅಮೆರಿಕದ ಊರಲ್ಲಿ ಡಿಸೆಂಬರ್ ಬಂತು ಅಂದ್ರೆ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಆಫೀಸಿನಿಂದ ಹೊರಗೆ ಬರೋ ಹೊತ್ತಿಗೆ ರಾತ್ರಿಯೇ ಆಗಿರತ್ತೆ. ಆ ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ಹಿತ್ತಲಲ್ಲಿ ನಾಯಿಗೂಡಿಗಿಂತ ಸ್ವಲ್ಪ ದೊಡ್ಡದಾದ ಮರದ ಗೂಡು, ಅದರ ಕಿಟಕಿಯಲ್ಲಿ ಮಂಕು ಹಳದಿ ಬೆಳಕು ಕಾಣತ್ತೆ. ನಮ್ಮ ಕಡೆಯವರನ್ನ ಯಾರನ್ನ ಕೇಳಿದ್ರೂ "ಪಾಪ, ಚಳಿಗೆ ಬೆಚ್ಚಗಿರ್ಲಿ ಅಂತ ಬಲ್ಬ್ ಹಾಕಿದಾರೆ" ಅಂತಾರೆ. ಅಷ್ಟು ಸಣ್ಣ ಬಲ್ಬಿನಿಂದ ಬರೋ ಶಾಖ ಅಷ್ಟಕ್ಕಷ್ಟೇ. ಅದನ್ನ ಹಾಕಿರೋದು ಕೋಳಿಗೆ "ಇನ್ನೂ ಬೇಸಿಗೆ ಮುಗಿದಿಲ್ಲ ಕಣೇ" ಅಂತ ಸುಳ್ಳು ಹೇಳೋಕೆ.

ಈ ಸುಳ್ಳು ಯಾಕೆ ಬೇಕಾಯ್ತು ಅಂತ ತಿಳಿಯೋಕೆ ಕೋಳಿಯ ತವರುಮನೆಗೆ ಹೋಗಬೇಕು. ಕೋಳಿ ನಮ್ಮ ಕಡೆಯ ಹಕ್ಕಿ. ಮೂಲ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. 2022ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಸಾಕುಕೋಳಿ ಅಂತ ಗಟ್ಟಿಯಾಗಿ ಹೇಳಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಅನ್ನೋ ಜಾಗದವು, ಕ್ರಿಸ್ತಪೂರ್ವ 1650ರಿಂದ 1250ರ ನಡುವಿನವು. ಭತ್ತ ಬೆಳೆಯೋ ಕಡೆ ಕಾಳು ಹೆಕ್ಕೋಕೆ ಬಂದ ಹಕ್ಕಿ ಅಲ್ಲೇ ಉಳ್ಕೊಂಡಿತು. ಇನ್ನೊಂದು ವಿಷಯ ನನಗೆ ಬಹಳ ಖುಷಿ ಕೊಟ್ಟಿದ್ದು: ಅಮೆರಿಕದ ಅಂಗಡಿಗಳಲ್ಲಿ ಸಿಗೋ ಕೋಳಿಯ ಹಳದಿ ಚರ್ಮ, ಹಳದಿ ಕಾಲು ಇದೆಯಲ್ಲ, ಆ ಗುಣ ಕೆಂಪು ಕಾಡುಕೋಳಿಯಿಂದ ಬಂದಿದ್ದಲ್ಲ. ನಮ್ಮ ಪಶ್ಚಿಮ ಘಟ್ಟದ ಕಾಡಲ್ಲಿ ಓಡಾಡೋ ಬೂದು ಕಾಡುಕೋಳಿಯಿಂದ ಬಂದಿದ್ದು ಅಂತ 2008ರಲ್ಲಿ ಸ್ವೀಡನ್ನಿನ ಉಪ್ಸಾಲಾದ ವಿಜ್ಞಾನಿಗಳು ತೋರಿಸಿದರು. ನಮಗಿಂತ ಎಷ್ಟೋ ಮೊದಲೇ ವಲಸೆ ಬಂದ ಘಟ್ಟದವರು ಇವರು :)

ಈ ಹಕ್ಕಿಯ ತವರಲ್ಲಿ ವರ್ಷವಿಡೀ ಹಗಲಿನ ಉದ್ದ ಹೆಚ್ಚುಕಮ್ಮಿ ಒಂದೇ. ಬೆಂಗಳೂರನ್ನೇ ತಗೊಳ್ಳಿ. ಡಿಸೆಂಬರಿನ ಅತಿ ಸಣ್ಣ ಹಗಲೂ ಹನ್ನೊಂದೂಕಾಲು ಗಂಟೆ ದಾಟತ್ತೆ, ಜೂನ್ ತಿಂಗಳ ಅತಿ ದೊಡ್ಡ ಹಗಲು ಹದಿಮೂರು ಗಂಟೆಗೆ ಸ್ವಲ್ಪ ಕಮ್ಮಿ. ವ್ಯತ್ಯಾಸ ಬರೀ ಒಂದೂವರೆ ಗಂಟೆ. ಅದೇ ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಯೂ ಇಲ್ಲ, ಜೂನಿನ ಹಗಲು ಹದಿನಾರೂವರೆ ಗಂಟೆ. ಕೋಳಿಯ ಮೈ ಈ ಉದ್ದವನ್ನ ಅಳೀತಾ ಇರತ್ತೆ. ಹಗಲು ಬೆಳೀತಾ ಹದಿನಾಲ್ಕು ಗಂಟೆ ಹತ್ತಿರ ಬಂದ್ರೆ ಮೊಟ್ಟೆಗೆ ಒಳ್ಳೆ ಕಾಲ. ಹಗಲು ಕುಗ್ಗುತ್ತಾ ಹೋದ್ರೆ ಮರಿಗಳಿಗೆ ಮುಂದೆ ಹುಳ ಹುಪ್ಪಟೆ ಸಿಗಲ್ಲ ಅಂತ ಲೆಕ್ಕ. ಮೊಟ್ಟೆ ನಿಲ್ಲಿಸಿ ಹಳೇ ಗರಿ ಉದುರಿಸಿ ಹೊಸದು ಬೆಳೆಸೋ ಕೆಲಸಕ್ಕೆ ಕೂರತ್ತೆ. ನಮ್ಮ ಹಳ್ಳಿಗಳಲ್ಲಿ ಯಾರೂ ಕೋಳಿಗೂಡಿಗೆ ದೀಪ ಇಡದೇ ಇದ್ದಿದ್ದಕ್ಕೆ ಬಡತನ ಒಂದೇ ಕಾರಣ ಅಲ್ಲ, ಅದರ ಅಗತ್ಯವೇ ಅಷ್ಟು ಇರಲಿಲ್ಲ. ಸಂಜೆ ಕೋಳಿಗಳನ್ನ ಮಂಕರಿ ಕೆಳಗೆ ಕವುಚಿ, ಮೇಲೊಂದು ಕಲ್ಲಿಟ್ರೆ ಕೆಲಸ ಮುಗೀತು. ಕಷ್ಟ ಬಂದಿದ್ದು ಉತ್ತರದ ದೇಶಗಳಿಗೆ ಹೋದ ಕೋಳಿಗೆ, ಅದನ್ನ ಸಾಕಿದವರಿಗೆ. ಅಲ್ಲಿ ಅಕ್ಟೋಬರಿನಿಂದ ಫೆಬ್ರವರಿವರೆಗೆ ಮೊಟ್ಟೆ ಅಂದ್ರೆ ಅಪರೂಪದ ಸಾಮಾನು. ಬೇಸಿಗೆಯ ಮೊಟ್ಟೆಯನ್ನ ಸುಣ್ಣದ ನೀರಲ್ಲೋ ಜಾಡಿಯಲ್ಲೋ ಕಾಪಿಟ್ಟು ತಿನ್ನೋರು.

ದೀಪದ ಉಪಾಯ ಮೊದಲು ಯಾರಿಗೆ ಹೊಳೀತು ಅಂತ ಒಬ್ಬರ ಹೆಸರು ಹೇಳೋಕಾಗಲ್ಲ. ಜಪಾನಿನಲ್ಲಿ ಹಾಡುಹಕ್ಕಿ ಸಾಕೋರು ಶರತ್ಕಾಲದ ಸಂಜೆಗಳಲ್ಲಿ ಪಂಜರದ ಹತ್ತಿರ ದೀಪ ಇಟ್ಟು, ವಸಂತದಲ್ಲಿ ಹಾಡಬೇಕಾದ ಹಕ್ಕಿಯನ್ನ ಜನವರಿಯಲ್ಲೇ ಹಾಡಿಸ್ತಿದ್ರು. ಹಾಲೆಂಡಿನ ಹಕ್ಕಿ ಹಿಡಿಯೋರು ಅದರ ತಿರುಗಾಮುರುಗಾ ಮಾಡೋರು: ಬೇಸಿಗೆಯಲ್ಲಿ ಹಕ್ಕಿಯನ್ನ ಕತ್ತಲಲ್ಲಿಟ್ಟು ಆಮೇಲೆ ಬೆಳಕಿಗೆ ತಂದ್ರೆ ಅದು ಶರತ್ಕಾಲದಲ್ಲಿ ಹಾಡಿ ಬೇರೆ ಹಕ್ಕಿಗಳನ್ನ ಬಲೆಗೆ ಕರೀತಿತ್ತು. ಸ್ಪೇನಿನಲ್ಲಿ ಸುಮಾರು ಇನ್ನೂರು ವರ್ಷದ ಹಿಂದೆಯೇ ಕೋಳಿಗೂಡಿಗೆ ದೀಪ ಇಟ್ಟು ಮೊಟ್ಟೆ ಹೆಚ್ಚಿಸಿಕೊಳ್ತಿದ್ರು. ಇವರು ಯಾರೂ ವಿಜ್ಞಾನಿಗಳಲ್ಲ. ದಿನಾ ಹಕ್ಕಿಯ ಮುಖ ನೋಡ್ತಾ ಇದ್ದೋರು ಅಷ್ಟೇ.

ಅಮೆರಿಕದಲ್ಲಿ ಇದು ಜೋರಾಗಿದ್ದು 1910ರ ದಶಕದಲ್ಲಿ. ವಾಷಿಂಗ್ಟನ್ ರಾಜ್ಯದ ಪುಯಾಲಪ್ ಸಂಶೋಧನಾ ಕೇಂದ್ರದಲ್ಲಿ, ನ್ಯೂಯಾರ್ಕಿನ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗಗಳು ನಡೆದವು. ಕಾರ್ನೆಲ್‌ನ ಕೋಳಿ ವಿಭಾಗ ಕಟ್ಟಿದ ಜೇಮ್ಸ್ ರೈಸ್ ಇದನ್ನ ರೈತರ ಮಧ್ಯೆ ಹರಡಿದವರಲ್ಲಿ ಒಬ್ಬರು. ಆದರೆ ರೈತನ ಮನೆಯಲ್ಲಿ ಕರೆಂಟ್ ಎಲ್ಲಿತ್ತು? 1935ರಲ್ಲಿ ರೂಸ್ವೆಲ್ಟ್ ಗ್ರಾಮೀಣ ವಿದ್ಯುದೀಕರಣಕ್ಕೆ ಅಂತಲೇ ಒಂದು ಇಲಾಖೆ ಶುರುಮಾಡಿದಾಗಲೂ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. (ಅಮೆರಿಕ ಅಂದ್ರೆ ಮೊದಲಿಂದ ಝಗಮಗ ಅಂತ ನಾವು ಅಂದ್ಕೊಂಡಿರ್ತೀವಿ.) ಹಾಗಾಗಿ ಸೀಮೆಎಣ್ಣೆ ಲಾಟೀನು, ಪೆಟ್ರೋಲಿನ ಮ್ಯಾಂಟಲ್ ದೀಪ ಗೂಡಿನ ತೊಲೆಗೆ ನೇತಾಕೋರು. ಸ್ವಲ್ಪ ದುಡ್ಡಿದ್ದವರು ಡೆಲ್ಕೊ-ಲೈಟ್ ಅನ್ನೋ ಯಂತ್ರ ತರಿಸೋರು. ಸಣ್ಣ ಎಂಜಿನ್, ಗಾಜಿನ ಜಾಡಿಗಳ ಸಾಲು ಬ್ಯಾಟರಿ, 32 ವೋಲ್ಟ್. 1916ರಲ್ಲಿ ಇದನ್ನ ಮಾರುಕಟ್ಟೆಗೆ ತಂದೋರು ಚಾರ್ಲ್ಸ್ ಕೆಟರಿಂಗ್; ಕಾರಿಗೆ ಕೈಯಿಂದ ತಿರುಗಿಸೋ ಹ್ಯಾಂಡಲ್ ತಪ್ಪಿಸಿ ಸೆಲ್ಫ್ ಸ್ಟಾರ್ಟರ್ ಕೊಟ್ಟ ಅದೇ ಎಂಜಿನಿಯರ್, ಓಹಾಯೋದ ಹೊಲಮನೆಯಲ್ಲಿ ಹುಟ್ಟಿದವರು.

ದೀಪ ಹಚ್ಚೋದು ಸುಲಭ, ಯಾವಾಗ ಅನ್ನೋದೇ ತಲೆನೋವು. ಮೂರು ದಾರಿ ಇದ್ದವು. ಬೆಳಗಿನ ಜಾವ ನಾಲ್ಕಕ್ಕೆ ಹಚ್ಚಿ ಬೆಳಗಾಗೋವರೆಗೆ ಇಡೋದು ಒಂದು. ಸಂಜೆ ಕತ್ತಲಾಗೋ ಮೊದಲು ಹಚ್ಚಿ ಎರಡು ಮೂರು ಗಂಟೆ ಹಗಲನ್ನ ಎಳೆಯೋದು ಇನ್ನೊಂದು. ಮೂರನೆಯದು ನನಗೆ ಇಷ್ಟವಾಗಿದ್ದು, ರಾತ್ರಿ ಎಂಟರ ಹೊತ್ತಿಗೆ ಮಲಗಿದ ಕೋಳಿಗಳನ್ನ ದೀಪ ಹಚ್ಚಿ ಎಬ್ಬಿಸಿ, ಒಂದು ಗಂಟೆ ಊಟ ಹಾಕಿ, ಮತ್ತೆ ಮಲಗಿಸೋದು!

ಸಂಜೆಯ ದೀಪಕ್ಕೆ ಒಂದು ತೊಡಕಿತ್ತು. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣಲ್ಲ. ಸಂಜೆ ಮಬ್ಬಿಗೆ ತಾನಾಗೇ ಹಾರಿ ಅಡ್ಡಕೋಲಿನ ಮೇಲೆ ಕೂತ್ಕೊಳ್ಳತ್ತೆ. ಫಟ್ ಅಂತ ದೀಪ ಆರಿಸಿದ್ರೆ ಎಲ್ಲಿದ್ದವೋ ಅಲ್ಲೇ ನೆಲದ ಮೇಲೆ ಉಳಿದು, ಒಂದರ ಮೇಲೊಂದು ಒತ್ತಿಕೊಂಡು ಕೂರ್ತವೆ. ಅದಕ್ಕೆ ಕೃತಕವಾಗಿ ಒಂದು ಮುಸ್ಸಂಜೆ ಮಾಡಬೇಕಾಯ್ತು: ಮೊದಲು ದೊಡ್ಡ ಬಲ್ಬ್ ಆರಿಸಿ ಸಣ್ಣ ಬಲ್ಬ್ ಉಳಿಸೋದು, ಹತ್ತು ಹದಿನೈದು ನಿಮಿಷ ಬಿಟ್ಟು ಅದನ್ನೂ ಆರಿಸೋದು. ಈ ಗೋಳೇ ಬೇಡ ಅಂತ ಬಹಳ ಜನ ಬೆಳಗಿನ ದೀಪಕ್ಕೆ ಬಂದ್ರು, ಯಾಕಂದ್ರೆ ಅದನ್ನ ಆರಿಸೋ ಹೊತ್ತಿಗೆ ಸೂರ್ಯ ಬಂದಿರ್ತಾನೆ. ಆದರೆ ಹಿಮ ಬೀಳೋ ಜಾವದ ನಾಲ್ಕು ಗಂಟೆಗೆ ಎದ್ದು ಹಿತ್ತಲಿಗೆ ಹೋಗೋರು ಯಾರು?

ಇಲ್ಲಿ ಶುರುವಾಯ್ತು ನೋಡಿ ಮನೆಮದ್ದಿನ ಎಂಜಿನಿಯರಿಂಗ್. ಕೀಲಿ ಕೊಡೋ ಹಳೇ ಅಲಾರಂ ಗಡಿಯಾರದಲ್ಲಿ ಅಲಾರಂ ಹೊಡೆಯುವಾಗ ಹಿಂದಿರೋ ಕೀಲಿ ತಿರುಗತ್ತೆ. ಆ ಕೀಲಿಗೆ ಒಂದು ದಾರ ಕಟ್ಟಿ ಇನ್ನೊಂದು ತುದಿಯನ್ನ ದೀಪದ ಸ್ವಿಚ್ಚಿಗೆ ಕಟ್ಟಿದ್ರು. ನಾಲ್ಕು ಗಂಟೆಗೆ ಅಲಾರಂ, ಕೀಲಿ ಗರಗರ, ದಾರ ಸುತ್ತಿಕೊಳ್ಳತ್ತೆ, ಸ್ವಿಚ್ ಎಳೀತು, ಗೂಡಲ್ಲಿ ಬೆಳಗಾಯ್ತು. ರೈತ ಹೊದ್ದು ಮಲಗೇ ಇದ್ದ. ನಾವೆಲ್ಲ ಸರ್ವರ್ ಮೇಲೆ ಕ್ರಾನ್ ಜಾಬ್ ಬರೆದು ಮಲಗ್ತೀವಲ್ಲ, ಅದರ ಮುತ್ತಜ್ಜ ಇದು. ಕೃಷಿ ಇಲಾಖೆಗಳ ಪುಟ್ಟ ಪುಸ್ತಿಕೆಗಳೂ ಇಂಥ ಗಡಿಯಾರದ ಸ್ವಿಚ್ ಮಾಡ್ಕೊಳ್ಳೋದನ್ನ ಹೇಳಿಕೊಡ್ತಿದ್ವು. 200 ಚದರ ಅಡಿ ನೆಲಕ್ಕೆ ಒಂದು 40 ವ್ಯಾಟ್ ಬಲ್ಬ್ ಅನ್ನೋ ಲೆಕ್ಕ ಕೋಳಿ ಸಾಕೋರಿಗೆ ಬಾಯಿಪಾಠ ಆಗಿಹೋಯ್ತು.

ಮಜಾ ಏನಂದ್ರೆ ಇಷ್ಟೆಲ್ಲ ಮಾಡ್ತಿದ್ದವರಿಗೆ ಇದು ಯಾಕೆ ಕೆಲಸ ಮಾಡತ್ತೆ ಅಂತ ಗೊತ್ತಿರಲಿಲ್ಲ. ಚಳಿಗಾಲದ ರಾತ್ರಿ ಹದಿನಾಲ್ಕು ಹದಿನೈದು ಗಂಟೆ; ಕೋಳಿ ಅಷ್ಟು ಹೊತ್ತು ಉಪವಾಸ ಇರತ್ತೆ; ದೀಪ ಹಚ್ಚಿದ್ರೆ ಹೆಚ್ಚು ತಿನ್ನತ್ತೆ, ಓಡಾಡತ್ತೆ, ಅದಕ್ಕೆ ಹೆಚ್ಚು ಮೊಟ್ಟೆ ಅಂತ ಎಲ್ಲರ ನಂಬಿಕೆ. ಕೇಳೋಕೆ ಸರಿಯಾಗೇ ಇದೆ. ಉತ್ತರ ಬಂದಿದ್ದು ಕೋಳಿಗೂ ಮೊಟ್ಟೆಗೂ ಸಂಬಂಧವೇ ಇಲ್ಲದ ಇನ್ನೊಂದು ಹಿತ್ತಲಿನಿಂದ.

ಕೆನಡಾದ ಎಡ್ಮಂಟನ್‌ನಲ್ಲಿ ವಿಲಿಯಂ ರೋವನ್ ಅನ್ನೋ ಪ್ರಾಣಿಶಾಸ್ತ್ರದ ಪ್ರೊಫೆಸರ್ ಇದ್ರು, ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ. ಹಕ್ಕಿಗಳಿಗೆ ವಲಸೆ ಹೋಗೋ ಕಾಲ ಹೇಗೆ ತಿಳಿಯತ್ತೆ ಅನ್ನೋದು ಅವರ ಪ್ರಶ್ನೆ. ಆಗಿನ ವಿಶ್ವವಿದ್ಯಾಲಯದ ಮುಖ್ಯಸ್ಥರಿಗೆ ಹಕ್ಕಿ ನೋಡೋದು ವಿಜ್ಞಾನ ಅಂತ ಅನ್ನಿಸ್ತಿರಲಿಲ್ಲ. ರೋವನ್ ತನ್ನ ಹಿತ್ತಲಲ್ಲೇ ಬಲೆಯ ಗೂಡು ಕಟ್ಟಿ, 1924ರ ಶರತ್ಕಾಲದಲ್ಲಿ ಜಂಕೊ ಅನ್ನೋ ಗುಬ್ಬಚ್ಚಿಯಷ್ಟಿನ ಹಕ್ಕಿಗಳನ್ನ ಅದರಲ್ಲಿ ಬಿಟ್ಟರು. ಒಂದು ಗೂಡಿಗೆ ಬಲ್ಬ್ ಹಾಕಿ ದಿನಾ ಕೆಲವು ನಿಮಿಷ ಹೆಚ್ಚು ಹೊತ್ತು ಉರಿಸಿದ್ರು, ಇನ್ನೊಂದಕ್ಕೆ ಬರೀ ಸೂರ್ಯನ ಬೆಳಕು. ಚಳಿ ಎರಡಕ್ಕೂ ಒಂದೇ, ಅದೂ ಎಡ್ಮಂಟನ್‌ನ ಚಳಿ. ನಟ್ಟನಡು ಚಳಿಗಾಲದಲ್ಲಿ ದೀಪದ ಗೂಡಿನ ಹಕ್ಕಿಗಳ ಜನನಾಂಗಗಳು ವಸಂತ ಬಂದ ಹಾಗೆ ಬೆಳೆದಿದ್ದವು. 1925ರಲ್ಲಿ ಇದು 'ನೇಚರ್' ಪತ್ರಿಕೆಯಲ್ಲಿ ಬಂತು. ಬೆಚ್ಚಗಿನ ಹವೆಯಲ್ಲ, ಬೆಳಕಿನ ಉದ್ದವೇ ಹಕ್ಕಿಯ ಪಂಚಾಂಗ ಅಂತ ಖಚಿತವಾಯ್ತು. ಆದರೂ ರೋವನ್‌ಗೆ ಇದು ಹೆಚ್ಚು ಹೊತ್ತು ಎಚ್ಚರವಿದ್ದು ಓಡಾಡೋದರ ಫಲ ಇರಬೇಕು ಅನ್ನೋ ಅನುಮಾನವಿತ್ತು, ನಮ್ಮ ಕೋಳಿ ರೈತರ ಹಾಗೆಯೇ. ಆಮೇಲೆ ಅವರು ಕಾಗೆಗಳ ಮೇಲೂ ಪ್ರಯೋಗ ಮಾಡಿದ್ರು. 1931ರಲ್ಲಿ ಬಾಲಕ್ಕೆ ಹಳದಿ ಬಣ್ಣ ಬಳಿದ ನೂರಾರು ಕಾಗೆಗಳನ್ನ ಹಾರಿಬಿಟ್ಟು, ಕಂಡವರು ತಿಳಿಸಿ ಅಂತ ಊರಿಗೆಲ್ಲ ಸಾರಿದ್ರು. ಆ ಊರಿನವರ ಮುಖ ನೆನೆಸ್ಕೊಳ್ಳಿ.

ಓಡಾಟದ ವಾದಕ್ಕೆ ಕೊನೆ ಹಾಡಿದ ಕೆಲಸಗಳಲ್ಲಿ ಮುಖ್ಯವಾದದ್ದು ಫ್ರಾನ್ಸಿನ ಜಾಕ್ ಬೆನ್ವಾ ಅವರದು, 1930ರ ದಶಕದಲ್ಲಿ. ಬಾತುಕೋಳಿಯ ಕಣ್ಣಿಗೆ ಬೆಳಕು ಸಿಗದ ಹಾಗೆ ಮಾಡಿದರೂ ಅದರ ಮೈ ಬೆಳಕಿಗೆ ಸ್ಪಂದಿಸ್ತಿತ್ತು. ಬೆಳಕು ತಲೆಬುರುಡೆ ದಾಟಿ ಮೆದುಳಿನ ಆಳದಲ್ಲಿರೋ ಹೈಪೊಥಲಾಮಸ್‌ಗೆ ನೇರವಾಗಿ ಮುಟ್ಟತ್ತೆ. ಅಲ್ಲಿಂದ ಪಿಟ್ಯುಟರಿ ಗ್ರಂಥಿ, ಅಲ್ಲಿಂದ ಅಂಡಾಶಯ. ಕೆಂಪು ಬೆಳಕು ಮೂಳೆ ಮಾಂಸ ದಾಟಿ ಚೆನ್ನಾಗಿ ಒಳಗೆ ಹೋಗತ್ತೆ, ನೀಲಿ ಹೋಗಲ್ಲ. ಟಾರ್ಚನ್ನ ಅಂಗೈಗೆ ಒತ್ತಿ ಹಿಡಿದ್ರೆ ಬೆರಳು ಕೆಂಪಗೆ ಕಾಣತ್ತಲ್ಲ, ಅದೇ. ಹಳದಿ-ಕೆಂಪು ಬೆಳಕಿನ ಲಾಟೀನು, ಹಳೇ ಬುರುಡೆ ಬಲ್ಬು ಕೋಳಿಗೂಡಿಗೆ ಯಾಕೆ ಅಷ್ಟು ಚೆನ್ನಾಗಿ ಒಗ್ಗಿದವು ಅನ್ನೋದಕ್ಕೆ ಇದು ಉತ್ತರ. ಕೋಡ್ ಓಡ್ತಿದೆ, ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಮುಟ್ಟಬೇಡಿ ಅನ್ನೋ ಸ್ಥಿತಿ ನಮ್ಮ ಕಸುಬಲ್ಲಿ ಮಾಮೂಲು. ಕೋಳಿ ಸಾಕೋರು ಆ ಸ್ಥಿತಿಯಲ್ಲಿ ಕಮ್ಮಿ ಅಂದ್ರೂ ನೂರು ವರ್ಷ ನಡೆಸಿದ್ರು.

ನೀರಿನ ಕಥೆ ಇದಕ್ಕಿಂತ ಹಳೆಯದು. ಕೋಳಿ ನೀರಿಡೋ ತಟ್ಟೆಯಲ್ಲೇ ನಿಲ್ಲತ್ತೆ, ಅದರಲ್ಲೇ ಹಿಕ್ಕೆ ಹಾಕತ್ತೆ, ಕೆದಕಿ ಮಣ್ಣು ತುಂಬತ್ತೆ. ಕ್ರಿಸ್ತಶಕ ಒಂದನೇ ಶತಮಾನದಲ್ಲಿ ಕೃಷಿಯ ಬಗ್ಗೆ ಲ್ಯಾಟಿನ್‌ನಲ್ಲಿ ಬರೆದ ಕೊಲುಮೆಲ್ಲ ಇದಕ್ಕೊಂದು ಪರಿಹಾರ ಹೇಳಿದಾನೆ: ನೀರಿನ, ಕಾಳಿನ ತೊಟ್ಟಿಗೆ ಮುಚ್ಚಳ ಹಾಕಿ, ಒಂದೊಂದು ಗೇಣು ಬಿಟ್ಟು ತೂತು ಕೊರೀರಿ, ತೂತಲ್ಲಿ ಕೋಳಿಯ ತಲೆ ಮಾತ್ರ ಹೋಗಬೇಕು. ಮರದ್ದೋ ಮಣ್ಣಿನದ್ದೋ ಪಾತ್ರೆಗಿಂತ ಸೀಸದ್ದು ವಾಸಿ ಅಂತಲೂ ಸೇರಿಸಿದಾನೆ. ಈಗ ಜನ ಪ್ಲಾಸ್ಟಿಕ್ ಬಕೆಟ್ಟಿನ ಪಕ್ಕದಲ್ಲಿ ಡ್ರಿಲ್ಲಿನಿಂದ ತೂತು ಹಾಕಿ ಮಾಡ್ಕೊಳ್ಳೋದು ಎರಡು ಸಾವಿರ ವರ್ಷದ ಹಿಂದಿನ ಇದೇ ನಕ್ಷೆ.

ಇನ್ನೊಂದು ದಾರಿ ಕವುಚಿದ ಪಾತ್ರೆಯದು. ನಮ್ಮ ಹಳ್ಳಿಗಳಲ್ಲಿ ಮಣ್ಣಿನ ಕುಡಿಕೆಯ ಬಾಯಿ ಹತ್ತಿರ ಒಂದು ತೂತು ಮಾಡಿ, ನೀರು ತುಂಬಿ, ಅಗಲ ತಟ್ಟೆಯಲ್ಲಿ ಬೋರಲು ಹಾಕಿಡ್ತಾರೆ. ತಟ್ಟೆಯಲ್ಲಿ ನೀರು ತೂತಿನ ಮಟ್ಟಕ್ಕೆ ಬಂದ ಕೂಡಲೇ ನಿಲ್ಲತ್ತೆ. ಕೋಳಿ ಕುಡಿದು ಮಟ್ಟ ಇಳಿದ್ರೆ ತೂತಿನಿಂದ ಒಂದು ಗುಳ್ಳೆ ಗಾಳಿ ಒಳಗೆ, ಅಷ್ಟು ನೀರು ಹೊರಗೆ. ಒಳಗಿನ ನೀರನ್ನ ಹಿಡಿದಿಟ್ಟಿರೋದು ಹೊರಗಿನ ಗಾಳಿಯ ಒತ್ತಡ. ಟೊರಿಚೆಲ್ಲಿ 1643ರಲ್ಲಿ ಪಾದರಸದ ಕೊಳವೆ ಕವುಚಿ ತೋರಿಸಿದ್ದೂ ಇದನ್ನೇ. ಗುಟ್ಟೆಲ್ಲ ಒಂದೇ, ತೂತು ತಟ್ಟೆಯ ಅಂಚಿಗಿಂತ ಕೆಳಗಿರಬೇಕು. ಮೇಲಿದ್ರೆ ಕುಡಿಕೆ ಪೂರ್ತಿ ಖಾಲಿಯಾಗಿ ನೆಲ ಕೆಸರು. ಹತ್ತೊಂಬತ್ತನೇ ಶತಮಾನದ ಅಮೆರಿಕ, ಇಂಗ್ಲೆಂಡಿನಲ್ಲಿ ಕುಂಬಾರರು ಇದನ್ನೇ ಉಪ್ಪಿನ ಮೆರುಗಿನ ಗಟ್ಟಿ ಪಿಂಗಾಣಿಯಲ್ಲಿ ಮಾಡ್ತಿದ್ರು. ಮಿನೆಸೋಟಾದ ರೆಡ್ ವಿಂಗ್ ಊರಿನ ಅಂಥ ಜಾಡಿಗಳನ್ನ ಈಗ ಹಳೇ ಸಾಮಾನು ಸಂಗ್ರಹ ಮಾಡೋರು ದುಡ್ಡು ಸುರಿದು ಕೊಳ್ತಾರೆ.

ಮನೆಮನೆಗೆ ಇದು ಬಂದಿದ್ದು ಉಪ್ಪಿನಕಾಯಿ ಭರಣಿಯಿಂದ ಅನ್ನಬಹುದು. 1858ರಲ್ಲಿ ಜಾನ್ ಲ್ಯಾಂಡಿಸ್ ಮೇಸನ್ ತಿರುಪಿನ ಬಾಯಿಯ ಗಾಜಿನ ಭರಣಿಗೆ ಪೇಟೆಂಟ್ ತಗೊಂಡರು. ಹಣ್ಣು ತರಕಾರಿ ಕಾಪಿಡೋ ಆ ಭರಣಿ ಅಮೆರಿಕದ ಎಲ್ಲ ಅಡುಗೆಮನೆ ಸೇರಿತು. ಅದೇ ತಿರುಪಿಗೆ ಕೂರೋ ತಗಡಿನ ತಟ್ಟೆ ಮಾಡಿದ್ರೆ ಮರಿಗಳಿಗೆ ನೀರಿನ ಪಾತ್ರೆ ಸಿದ್ಧ. ಇವತ್ತಿಗೂ ಇಲ್ಲಿನ ಅಂಗಡಿಗಳಲ್ಲಿ ಆ ತಟ್ಟೆ ಸಿಗತ್ತೆ, ಭರಣಿ ಮನೆಯದ್ದು. ಇದಕ್ಕೂ ದೋಷ ಇಲ್ಲದಿಲ್ಲ. ನೆಲ ಓರೆಯಾಗಿದ್ರೆ ಸೋರತ್ತೆ. ಬಿಸಿಲಿಗಿಟ್ರೆ ಒಳಗಿನ ಗಾಳಿ ಹಿಗ್ಗಿ ನೀರನ್ನ ಹೊರಗೆ ತಳ್ಳತ್ತೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿ ಗಾಜು ಒಡೆಯತ್ತೆ. ಮೊಟ್ಟೆಯ ತಿರುಳಿನಲ್ಲಿ ಮುಕ್ಕಾಲು ಪಾಲು ನೀರೇ. ಕೋಳಿ ತಿನ್ನೋದರ ಎರಡರಷ್ಟು ತೂಕದ ನೀರು ಕುಡಿಯತ್ತೆ. ನೀರು ಗಡ್ಡೆಕಟ್ಟಿದ ದಿನ ಮೇವೂ ಬಿಡತ್ತೆ, ಮೊಟ್ಟೆಯೂ ಹೋಗತ್ತೆ. ದೀಪ ಹಚ್ಚಿದವರು ನೀರನ್ನ ಬೆಚ್ಚಗಿಡೋದನ್ನೂ ಕಲೀಲೇಬೇಕಾಯ್ತು, ಅದಕ್ಕೇ ನೀರಿನ ಪಾತ್ರೆ ಕೆಳಗೂ ಒಂದು ಸೀಮೆಎಣ್ಣೆ ದೀಪ ಬಂತು.

ಮೇವಿನ ವಿಷಯಕ್ಕೆ ಬಂದ್ರೆ ಮೊದಲು ಕೈಯಿಂದ ಕಾಳು ಎರಚೋದು, ತೌಡು-ನುಚ್ಚು ಕಲಸಿ ದಿನಕ್ಕೆರಡು ಸಲ ಇಡೋದು. ಒಣ ಹಿಟ್ಟನ್ನ ಮೇಲೆ ತುಂಬಿಟ್ರೆ ಕೆಳಗೆ ತಾನಾಗೇ ಇಳಿಯೋ ಮರದ ಪೆಟ್ಟಿಗೆ ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಬಳಕೆಗೆ ಬಂತು. ಹಲಗೆ, ಮೊಳೆ, ಗರಗಸ ಇದ್ದವರು ಭಾನುವಾರ ಕೂತು ಮಾಡಬಹುದಾದದ್ದು. ಇದರಲ್ಲಿ ಜಾಣತನವೆಲ್ಲ ಸಣ್ಣ ಸಣ್ಣ ಕಡೆ ಇದೆ. ತೊಟ್ಟಿಯ ಅಂಚಿಗೆ ಒಳಮುಖವಾಗಿ ಒಂದು ಪಟ್ಟಿ ಹೊಡೀತಾರೆ, ಕೋಳಿ ಕೊಕ್ಕಿನಿಂದ ಹಿಟ್ಟು ಗೀಚಿ ಆಚೆ ಚೆಲ್ಲದ ಹಾಗೆ. ತೊಟ್ಟಿಯ ಮೇಲೆ ಉದ್ದಕ್ಕೆ ಒಂದು ಕೋಲು, ಎರಡೂ ತುದಿಗೆ ಒಂದೊಂದು ಮೊಳೆಯ ಮೇಲೆ ಸುಮ್ಮನೆ ಕೂರಿಸಿದ್ದು. ಕೋಳಿ ಹಾರಿ ಅದರ ಮೇಲೆ ಕೂರೋಕೆ ಹೋದ್ರೆ ಕೋಲು ಗಿರಕ್ ಅಂತ ತಿರುಗಿ ಕೋಳಿ ಕೆಳಗೆ. ಎರಡು ಸಲ ಬಿದ್ದ ಕೋಳಿ ಮೂರನೇ ಸಲ ಹೋಗಲ್ಲ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ ಅನ್ನೋದು ಹಳಬರ ಮಾತು. ತುಂಬಿದ ತೊಟ್ಟಿಯಿಂದ ಚೆಲ್ಲಿಹೋಗೋದೇ ಹೆಚ್ಚು. ಕೋಳಿ ಸಾಕೋ ಖರ್ಚಿನಲ್ಲಿ ದೊಡ್ಡ ಪಾಲು ಮೇವಿನದು, ಹಾಗಾಗಿ ಆ ಒಳಪಟ್ಟಿಯ ಒಂದಿಂಚು ಹಲಗೆ ಬಹಳ ದುಡ್ಡು ಉಳಿಸಿದೆ.

ಈ ಹಲಗೆ, ಲಾಟೀನು, ಭರಣಿಗಳ ಹಿಂದೆ ಇದ್ದ ಕೈಗಳು ಹೆಚ್ಚಾಗಿ ಹೆಂಗಸರವು. ಅಮೆರಿಕದ ಹೊಲಮನೆಗಳಲ್ಲಿ ಗೋಧಿ, ಜೋಳ, ದನ ಗಂಡನ ಲೆಕ್ಕ, ಕೋಳಿ ಹೆಂಡತಿಯದು. ಮೊಟ್ಟೆ ಬುಟ್ಟಿ ಹಿಡಿದು ಅಂಗಡಿಗೆ ಹೋಗಿ ಸಕ್ಕರೆ, ಕಾಫಿ, ಬಟ್ಟೆ ತರೋರು. 'ಮೊಟ್ಟೆ ದುಡ್ಡು' ಅಂತಲೇ ಅದಕ್ಕೆ ಹೆಸರು. ಬೆಳೆ ಬೆಲೆ ಬಿದ್ದ 1920-30ರ ದಶಕಗಳಲ್ಲಿ ಎಷ್ಟೋ ಮನೆಗಳ ಒಲೆ ಉರಿದಿದ್ದು ಆ ದುಡ್ಡಿನಿಂದ. ಮೇವು ಬರ್ತಿದ್ದ ಹತ್ತಿ ಚೀಲಕ್ಕೆ ಕಂಪನಿಗಳು ಹೂವಿನ ಅಚ್ಚು ಹಾಕಿ ಕಳಿಸೋಕೆ ಶುರುಮಾಡಿದ್ದೂ ಆಗಲೇ, ಖಾಲಿ ಚೀಲದಲ್ಲಿ ಮಕ್ಕಳಿಗೆ ಫ್ರಾಕ್ ಹೊಲೀಲಿ ಅಂತ. ಕೊಳ್ಳೋದು ಯಾರು ಅಂತ ಕಂಪನಿಗಳಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆಯೂ ಹೀಗೇ ಅಲ್ವಾ? ಹಿತ್ತಲ ಕೋಳಿ ಮಾರಿದ ದುಡ್ಡು ಅವ್ವನ ಸೆರಗಿನ ಗಂಟಿಗೆ. ಅದಕ್ಕೆ ಅಪ್ಪನೂ ಲೆಕ್ಕ ಕೇಳೋ ಹಾಗಿಲ್ಲ.

ಚಳಿಗಾಲದ ದೀಪ ಮೊದಮೊದಲು ಈ ಹೆಂಗಸರ ಕೈಗೆ ಒಳ್ಳೆ ದುಡ್ಡು ತಂತು, ಯಾಕಂದ್ರೆ ಎಲ್ಲರ ಗೂಡೂ ಖಾಲಿ ಇದ್ದಾಗ ಇವರ ಬುಟ್ಟಿಯಲ್ಲಿ ಮೊಟ್ಟೆ ಇರ್ತಿತ್ತು. ಆದರೆ ಕರೆಂಟು ಹಳ್ಳಿಗೆ ಬಂದ ಮೇಲೆ ಅದೇ ದೀಪ ಐವತ್ತು ಕೋಳಿಗೂ ಹಚ್ಚಬಹುದು, ಐದು ಸಾವಿರಕ್ಕೂ ಹಚ್ಚಬಹುದು. 1938ರಲ್ಲಿ ಮಿಷಿಗನ್‌ನ ಜೀಲ್ಯಾಂಡಿನಲ್ಲಿ ಡಿವಿಟ್ ಅನ್ನೋ ಅಣ್ಣತಮ್ಮಂದಿರು ಕೋಳಿಗಳಿಗೆ ಬಕೆಟ್ ಹೊರೋ ಕೆಲಸ ತಪ್ಪಿಸೋಕೆ ತೊಟ್ಟಿಯಲ್ಲೇ ಸರಪಳಿ ಎಳೆದು ಮೇವು ಸಾಗಿಸೋ ಯಂತ್ರ ಮಾಡಿದ್ರು. ಅದು ಬಿಗ್ 'ಡಚ್‌ಮನ್' ಕಂಪನಿಯಾಯ್ತು, ಈಗ ಜರ್ಮನಿಯಲ್ಲಿದೆ, ಜಗತ್ತಿನ ಕೋಳಿ ಶೆಡ್ಡುಗಳಿಗೆಲ್ಲ ಸಲಕರಣೆ ಮಾರತ್ತೆ. ಮಾಂಸದ ಕೋಳಿಯ ಕಥೆಯೂ ಹೆಚ್ಚುಕಮ್ಮಿ ಹೀಗೇ: 1923ರಲ್ಲಿ ಡೆಲವೇರ್ ರಾಜ್ಯದ ಸಿಸೀಲ್ ಸ್ಟೀಲ್ ಅನ್ನೋ ಗೃಹಿಣಿ ಮನೆಯ ಮೊಟ್ಟೆಗೆ ಅಂತ 50 ಮರಿ ತರಿಸಿದ್ರೆ ಬಂದಿದ್ದು 500. ವಾಪಸ್ ಕಳಿಸದೆ ಸಾಕಿ ಮಾಂಸಕ್ಕೆ ಮಾರಿದ್ರು. ಲಾಭ ನೋಡಿ ಗಂಡ ಕರಾವಳಿ ಕಾವಲು ಪಡೆಯ ಕೆಲಸ ಬಿಟ್ಟು ಬಂದ. ಅವರ ಮೊದಲ ಕೋಳಿಮನೆ, 16 ಅಡಿ ಚೌಕದ್ದು, ಇವತ್ತು ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿದೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಮೆರಿಕದ ಕೋಳಿ ವರ್ಷಕ್ಕೆ ನೂರರ ಆಸುಪಾಸು ಮೊಟ್ಟೆ ಇಡ್ತಿತ್ತು, ಈಗ ಶೆಡ್ಡಿನ ಕೋಳಿ ಮುನ್ನೂರರ ಹತ್ತಿರ ಇಡತ್ತೆ. ತಳಿ, ಮೇವು, ಬೆಳಕು ಮೂರೂ ಸೇರಿ ಆದದ್ದು. ಮೊಟ್ಟೆ ಅಗ್ಗವಾಯ್ತು, ಬಡವರ ತಟ್ಟೆಗೂ ಬಂತು. ಅದೇ ಹೊತ್ತಿಗೆ ಬುಟ್ಟಿ ಹಿಡಿದು ಅಂಗಡಿಗೆ ಹೋಗ್ತಿದ್ದ ಹೆಂಗಸಿನ ಮೊಟ್ಟೆ ಯಾರಿಗೂ ಬೇಡವಾಯ್ತು. ಗೂಡು ದೊಡ್ಡದಾದ ಹಾಗೆ ಸಾಲ ದೊಡ್ಡದಾಯ್ತು, ಸಾಲದ ಪತ್ರಕ್ಕೆ ಸಹಿ ಹಾಕಿದ್ದು ಗಂಡ. ತನ್ನ ಅಲಾರಂ ಗಡಿಯಾರಕ್ಕೆ ದಾರ ಕಟ್ಟಿದವಳಿಗೆ ಆ ದಾರದ ಇನ್ನೊಂದು ತುದಿಯಲ್ಲಿ ಇದಿದೆ ಅಂತ ಹೇಗೆ ಗೊತ್ತಾಗಬೇಕು? ಇದನ್ನ ಪ್ರಗತಿ ಅಂತ ಒಂದೇ ಮಾತಲ್ಲಿ ಮುಗಿಸೋಕೆ ನನಗೆ ಮನಸ್ಸು ಬರಲ್ಲ.

ಮಧ್ಯೆ ಎರಡು ಯುದ್ಧಗಳಲ್ಲಿ ಸರ್ಕಾರಗಳಿಗೇ ಹಿತ್ತಲ ಕೋಳಿ ನೆನಪಾಗಿತ್ತು. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಮನೆಯ ಪ್ರತಿ ತಲೆಗೆ ಎರಡು ಕೋಳಿ ಸಾಕಿ ಅಂತ ಪೋಸ್ಟರ್ ಅಂಟಿಸಿತು. ಎರಡನೇ ಯುದ್ಧದಲ್ಲಿ ಬ್ರಿಟನ್ನಿನಲ್ಲಿ 1941ರಿಂದ ಮೊಟ್ಟೆಗೆ ಪಡಿತರ, ವಾರಕ್ಕೆ ತಲೆಗೆ ಸುಮಾರು ಒಂದು. ಕೋಳಿ ಸಾಕೋರು ಆ ಮೊಟ್ಟೆ ಚೀಟಿ ಬಿಟ್ಟುಕೊಟ್ರೆ ಬದಲಿಗೆ ಒಂದಿಷ್ಟು ಕೋಳಿ ಹಿಟ್ಟು ಸಿಗ್ತಿತ್ತು. ಅದಕ್ಕೆ ಆಲೂಗಡ್ಡೆ ಸಿಪ್ಪೆ ಬೇಯಿಸಿ ಕಲಸೋರು.

ನಮ್ಮಲ್ಲಿ ದೀಪ ಬಂದಿದ್ದು ಫಾರಂ ಕೋಳಿಯ ಜೊತೆಗೆ. ಕರ್ನಾಟಕದ ಮೊಟ್ಟೆ ಫಾರಂಗಳಲ್ಲೂ ಹಗಲಿನ ಹನ್ನೆರಡು ಗಂಟೆಗೆ ಬಲ್ಬಿನ ಬೆಳಕು ಸೇರಿಸಿ ಹದಿನಾರು ಮಾಡ್ತಾರೆ. ಹಳ್ಳಿ ಹಿತ್ತಲಿಗೆ ಬೇರೆಯೇ ದಾರಿ ಹುಡುಕಿದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ. ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ ತಳಿಗೆ ಮನೆಯ ಸುತ್ತ ಮೇಯ್ದು ಬದುಕೋ ಗಟ್ಟಿತನ ಕೊಟ್ರು. ಸಲಕರಣೆ ಬದಲಾಯಿಸೋ ಬದಲು ಕೋಳಿಯನ್ನೇ ಹಿತ್ತಲಿಗೆ ತಕ್ಕ ಹಾಗೆ ಮಾಡೋದು. ನನಗೆ ಇದು ಜಾಣ ದಾರಿ ಅನ್ನಿಸತ್ತೆ.

ಅಮೆರಿಕದಲ್ಲಿ ಈಗ ಚಕ್ರ ಒಂದು ಸುತ್ತು ತಿರುಗಿದೆ. 2022ರ ಶುರುವಿನಲ್ಲಿ ಹಕ್ಕಿಜ್ವರ ಇಲ್ಲಿನ ಕೋಳಿ ಫಾರಂಗಳಿಗೆ ನುಗ್ಗಿತು. ಡಜನ್ ಮೊಟ್ಟೆಯ ಸರಾಸರಿ ಬೆಲೆ 2023ರ ಜನವರಿಯಲ್ಲಿ 4.82 ಡಾಲರ್, 2025ರ ಮಾರ್ಚಿನಲ್ಲಿ 6.23 ಡಾಲರ್ ಮುಟ್ಟಿತು. ಜನ ಮತ್ತೆ ಹಿತ್ತಲಲ್ಲಿ ಗೂಡು ಕಟ್ಟೋಕೆ ಶುರುಮಾಡಿದ್ರು, ಮತ್ತೆ ಬಕೆಟ್ಟಿಗೆ ತೂತು, ಪಿವಿಸಿ ಪೈಪಿನ ಮೇವಿನ ಕೊಳವೆ, ತುದಿಗೆ ಕೊಕ್ಕು ತಾಗಿದ್ರೆ ಹನಿ ಬೀಳೋ ನಿಪ್ಪಲ್. ಆದರೆ ಈ ಸಲ ಆ ತೂತಿನ ಕೆಲಸ ಬದಲಾಗಿದೆ. ಕೊಲುಮೆಲ್ಲನ ಕಾಲದಲ್ಲಿ ಕೋಳಿಯಿಂದ ನೀರನ್ನ ಕಾಯಬೇಕಿತ್ತು. ಈಗ ಕಾಡುಬಾತು, ಗುಬ್ಬಿಗಳಿಂದ ಕಾಯಬೇಕು. ವೈರಸ್ ಕಾಡುಹಕ್ಕಿಗಳ ಹಿಕ್ಕೆಯಲ್ಲಿ ಬರತ್ತೆ, ಬಯಲಲ್ಲಿಟ್ಟ ನೀರು-ಮೇವಿನ ತಟ್ಟೆ ಅದಕ್ಕೆ ಹೆದ್ದಾರಿ. ತಟ್ಟೆಯನ್ನ ಸೂರಿನ ಕೆಳಗೆ, ಜಾಲರಿಯ ಒಳಗೆ ಇಡಿ ಅನ್ನೋದು ಈಗಿನ ಮೊದಲ ಪಾಠ. ಇಂಗ್ಲೆಂಡಿನಲ್ಲಂತೂ 2024ರ ಅಕ್ಟೋಬರಿನಿಂದ ಒಂದೇ ಒಂದು ಕೋಳಿ ಸಾಕಿದ್ರೂ ಸರ್ಕಾರಕ್ಕೆ ನೋಂದಣಿ ಮಾಡಿಸಬೇಕು.

ಗೂಡಿಗೆ ಬೆಂಕಿ ಬೀಳೋದೂ ಹೊಸ ಸುದ್ದಿಯೇನಲ್ಲ. ಒಣಹುಲ್ಲು, ಧೂಳು, ಹಾರಾಡೋ ರೆಕ್ಕೆಗಳ ಮಧ್ಯೆ ಹಿಂದೆ ಲಾಟೀನು ಇರ್ತಿತ್ತು, ಈಗ 250 ವ್ಯಾಟಿನ ಕೆಂಪು ಶಾಖದ ಬಲ್ಬ್ ಇರತ್ತೆ. ಚಳಿ ಅಂತ ಅದನ್ನ ದೊಡ್ಡ ಕೋಳಿಗಳ ಮೇಲೆ ನೇತಾಕೋದು ದಡ್ಡತನ. ಗರಿ ಒಣಗಿದ್ದು, ಗಾಳಿ ನೇರವಾಗಿ ಹೊಡೀದಿದ್ರೆ ಬೆಳೆದ ಕೋಳಿ ಚಳಿ ತಡ್ಕೊಳ್ಳತ್ತೆ. ಶಾಖ ಬೇಕಾಗಿರೋದು ಪುಟ್ಟ ಮರಿಗೆ, ಮೊದಲ ವಾರ 35 ಡಿಗ್ರಿಯಷ್ಟು, ಆಮೇಲೆ ವಾರ ವಾರ ಕಮ್ಮಿ.

ನೀರಿಗೆ ಮಾತ್ರ ಶಾಖ ಬೇಕೇ ಬೇಕು. ಅದಕ್ಕೆ ಇಲ್ಲಿ ಬಹಳ ವರ್ಷಗಳಿಂದ ನಡೆದುಬಂದ ಉಪಾಯ ಒಂದಿದೆ: ಹಬ್ಬಕ್ಕೆ ಬಂದ ಬಿಸ್ಕತ್ತಿನ ತಗಡಿನ ಡಬ್ಬ ತಗೊಂಡು, ಪಕ್ಕದಲ್ಲಿ ತೂತು ಕೊರೆದು, ಒಳಗೆ ಹೋಲ್ಡರ್ ಕೂರಿಸಿ, 40 ವ್ಯಾಟಿನ ಬಲ್ಬ್ ಹಾಕಿ ಮುಚ್ಚೋದು. ಅದರ ಮೇಲೆ ತಗಡಿನ ನೀರಿನ ಪಾತ್ರೆ. ಲಾಟೀನಿನ ಜಾಗಕ್ಕೆ ಬಲ್ಬ್ ಬಂತು, ಅಷ್ಟೇ ವ್ಯತ್ಯಾಸ. ಬುರುಡೆ ಬಲ್ಬು ಕರೆಂಟಿನಲ್ಲಿ ಬಹುಪಾಲನ್ನ ಶಾಖ ಮಾಡಿ ವ್ಯರ್ಥ ಮಾಡತ್ತೆ ಅನ್ನೋ ದೋಷವೇ ಇಲ್ಲಿ ಗುಣ. 2023ರ ಆಗಸ್ಟಿನಿಂದ ಅಮೆರಿಕದಲ್ಲಿ ಮಾಮೂಲಿ ಬುರುಡೆ ಬಲ್ಬುಗಳ ಮಾರಾಟ ನಿಂತಿದೆ. ಎಲ್‌ಇಡಿ ಹಾಕಿದ್ರೆ ಕೋಳಿಗೆ ಬೇಸಿಗೆ ಬಂದ ಹಾಗೆ ಕಾಣತ್ತೆ, ಮೊಟ್ಟೆಯೂ ಇಡತ್ತೆ, ಆದರೆ ಬಿಸ್ಕತ್ತಿನ ಡಬ್ಬದ ಮೇಲಿನ ನೀರು ಮಾತ್ರ ಬೆಳಗ್ಗೆ ಹೊತ್ತಿಗೆ ಕಲ್ಲಾಗಿರತ್ತೆ. ಹಾಗಾಗಿ ಹಿತ್ತಲ ಕೋಳಿಯವರು ಈಗ ಓವನ್ ಒಳಗೆ ಹಾಕೋ 40 ವ್ಯಾಟಿನ ಸಣ್ಣ ಬಲ್ಬ್ ಹುಡುಕ್ತಾರೆ. ಅದಕ್ಕೆ ಕಾನೂನಿನಲ್ಲಿ ವಿನಾಯಿತಿ ಇದೆ.